ಫ್ರಿಜ್ಜಿಗೆ ಬಂದ ಅಳಿಯ

ವಲಾಂಡಿಯ ಬಿಸಿಲು 40 ಡಿಗ್ರಿ ದಾಟಿತೆಂದರೆ ಕಾಕಾನ ಇನ್ಸುಲಿನ್‌ಗೆ ಹೊಸ ಅಳಿಯನ ಮರ್ಯಾದೆ. ಸೀಲು ಒಡೆಯದ ಬಾಟಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಬರ್ಫದ ಖಾನೆ ಸೇರಿದರೆ ಕೆಟ್ಟಿತು. ಕರೆಂಟೋ, ಹೇಳದೆ ಹೋಗುವಂಥದ್ದು. ಆಗ ಡಬ್ಬಿಯೊಳಗೆ ಭದ್ರವಾಗಿ ಕೂತ ಬಾಟಲಿ, ಒದ್ದೆ ಉಸುಕಿನಲ್ಲಿಟ್ಟ ಮಣ್ಣಿನ ಗಡಿಗೆಗೆ ಇಳಿಯುತ್ತದೆ. ಚಳಿನಾಡು ಕೆನಡಾದಲ್ಲಿ 1921ರಲ್ಲಿ ಬ್ಯಾಂಟಿಂಗ್, ಬೆಸ್ಟ್ ಕಂಡುಹಿಡಿದ ಔಷಧಕ್ಕೆ ನಮ್ಮೂರ ಕುಂಬಾರನೇ ಗತಿ!

ಬೆಳ್ಳಗಿನ ಇನ್ಸುಲಿನ್ನನ್ನು ಕಾಕಾ ಗಲಗಲ ಅಲುಗಾಡಿಸಹೋದರೆ ಚಿಗವ್ವ ಗದರುತ್ತಾಳೆ: “ಅಲ್ರೀ, ಅಂಗೈನಾಗ ಮೆಲ್ಲಕ ಹೊರಳಸ್ರೀ!” 40 ಯೂನಿಟ್ಟಿನ ಬಾಟಲಿಗೆ ಕೆಂಪು ಟೊಪ್ಪಿಗೆಯ ಸಿರಿಂಜು, 100ರದಕ್ಕೆ ಕೇಸರಿ; ಅದಲುಬದಲಾದರೆ ಡೋಸಿನ ಲೆಕ್ಕವೇ ತಪ್ಪುತ್ತದೆ. ಸೀಲು ಒಡೆದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರವಷ್ಟೇ ಎಂದು ಚಿಗವ್ವ ಅದರ ಮೇಲೆ ತಾರೀಖು ಬರೆದಿಡುತ್ತಾಳೆ.

“ನಮ್ಮ ಲಗ್ನದ ತಾರೀಖರೆ ನೆನಪದ ಏನ?”

“ಅದಕ್ಕ ಎಕ್ಸ್‌ಪೈರಿ ಇಲ್ಲಲ್ರೀ, ಬರದಿಟ್ಟಿಲ್ಲ.”