ಅವ್ವ ಹೊಡೆದ ನೊಣ

ಹೋದ ರವಿವಾರ ಮಧ್ಯಾಹ್ನ ನಮ್ಮವ್ವ ಊಟದ ಟೇಬಲ್ಲಿನ ಮೇಲೆ ಒಂದು ನೊಣ ಹೊಡೆದಳು. ಬೈಲಹೊಂಗಲದಲ್ಲಾಗಿದ್ದರೆ ಇದು ಸುದ್ದಿಯೇ ಅಲ್ಲ. ಆದರೆ ನಾವಿರುವುದು ಮಿಶಿಗನ್ನಿನ ಡೆಟ್ರಾಯಿಟ್ ಪಕ್ಕದಲ್ಲಿ, ತಿಂಗಳು ಜನವರಿ, ಕಿಟಕಿಯಾಚೆ ಮೊಳಕಾಲುಮಟ ಹಿಮ. ಆ ದಿನ ನಮ್ಮ ಓಣಿಯಲ್ಲೆಲ್ಲ ರೆಕ್ಕೆ ಬಿಚ್ಚಿಕೊಂಡು ಕೂತ ನೊಣ ಅದೊಂದೇ ಇದ್ದಿರಬೇಕು. ಯಾಕೆಂದರೆ ಅದನ್ನು ಕಟ್ಟಿದವನು ನಾನು.

ಹೌದು, ಕಟ್ಟಿದವನು. ಕಡ್ಡಿಯಷ್ಟು ಗಾಳವನ್ನು ವೈಸ್ ಎಂಬ ಇಕ್ಕಳದ ದವಡೆಗೆ ಕಚ್ಚಿಸಿ, ಅದರ ಮೇಲೆ ದಾರ, ಗರಿ, ತುಪ್ಪಳ ಸುತ್ತಿ ನೊಣದ ವೇಷ ತೊಡಿಸುವುದು ಇಲ್ಲಿಯವರ ಚಳಿಗಾಲದ ಉದ್ಯೋಗ. ಏಪ್ರಿಲ್ ಕೊನೆಯ ಶನಿವಾರ ಟ್ರೌಟ್ ಮೀನಿನ ಹಂಗಾಮು ಶುರುವಾಗುತ್ತದೆ. ಅಲ್ಲಿತನಕ ಮನೆಯಲ್ಲಿ ಕೂತು ಡಬ್ಬಿ ತುಂಬಿಸುತ್ತಾರೆ, ನಮ್ಮವರು ಬೇಸಿಗೆಯಲ್ಲಿ ಶಾವಿಗೆ ಹೊಸೆದು ಇಟ್ಟುಕೊಂಡಂತೆ. ಮಗನ ಸ್ಕೌಟ್ ಬ್ಯಾಡ್ಜಿಗೆ ಎರಡು ಬಗೆಯ ನೊಣ ಕಟ್ಟಬೇಕಿತ್ತು. ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಮಂಗಳವಾರ ರಾತ್ರಿ ಪಾಠ. ಬಿಟ್ಟು ಬರಲು ಹೋದವನು ನಾನೂ ಕುರ್ಚಿ ಎಳೆದುಕೊಂಡು ಕೂತೆ. ಮೂರನೇ ವಾರಕ್ಕೆ ಮಗ ಫೋನು ನೋಡುತ್ತಿದ್ದ, ನಾನು ನೊಣ ಕಟ್ಟುತ್ತಿದ್ದೆ.

ಮೊಟ್ಟೆ ಸಹ ಒಳಗೆ ಬಿಡದ ಮನೆ ನಮ್ಮದು. ಅವ್ವನಿಗೆ ವಿಷಯ ತಿಳಿಸುವ ಕೆಲಸ ಹೆಂಡತಿಯ ಪಾಲಿಗೆ ಬಂತು.

"ಮೀನಾ ಹಿಡಿಯಾಕ?" ಎಂದಳು ಅವ್ವ.

"ಹಿಡದು ಬಿಡತಾರಂತ್ರೀ ಅತ್ತೀ. ತಿನ್ನೂದಿಲ್ಲ."

"ತಿನ್ನಾಂಗಿಲ್ಲಂದ್ರ ಅದರ ಬಾಯಿ ಯಾಕ ಚುಚ್ಚತೀರಿ? ತಿನ್ನಾಂವ ಹೊಟ್ಟೀ ಸಲುವಾಗಿ ಹಿಡೀತಾನ. ನಿಮ್ಮದು ಯಾತರ ಸಲುವಾಗಿ?"

ಈ ಪ್ರಶ್ನೆಗೆ ಹದಿನೈದು ದಿನದಿಂದ ಉತ್ತರ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಬದಲಿಗೆ, ಇದು ಭಾಳ ಹಳೇ ವಿದ್ಯೆ, 1800 ವರ್ಷಗಳ ಹಿಂದೆಯೇ ರೋಮಿನ ಏಲಿಯನ್ ಎಂಬವನು ಮ್ಯಾಸಿಡೋನಿಯಾದ ಮೀನುಗಾರರು ಕೆಂಪು ಉಣ್ಣೆ, ಹುಂಜದ ಗರಿ ಸುತ್ತಿ ನೊಣ ಮಾಡುವುದನ್ನು ಬರೆದಿಟ್ಟಿದ್ದಾನೆ ಎಂದು ದೊಡ್ಡ ದನಿಯಲ್ಲಿ ಹೇಳಿದೆ.

"ಅಷ್ಟ ಹಳೇದಾದ್ರ ನಿನಗ್ಯಾಕ ಇನ್ನೂ ಬರವಲ್ದು?" ಎಂದು ಅವ್ವ ಒಳಗೆ ಹೋದಳು.

ಬರುತ್ತಿರಲಿಲ್ಲ, ನಿಜ. ಮೊದಲಿಗೆ ಗಾಳದ ನಂಬರೇ ತಲೆಗೆ ಹೋಗಲಿಲ್ಲ. ನಂಬರು ದೊಡ್ಡದಾದಷ್ಟೂ ಗಾಳ ಸಣ್ಣದು, ಪರೀಕ್ಷೆಯ ರ‍್ಯಾಂಕಿನ ಹಾಗೆ. ಹತ್ತನೆಯದು ಕಣ್ಣಿಗೆ ಕಾಣುತ್ತದೆ, ಇಪ್ಪತ್ತನೆಯದು ಬೆರಳಿಗೆ ಚುಚ್ಚಿದಾಗಲೇ ಗೊತ್ತಾಗುವುದು. ಎರಡನೆಯದು, ಗಾಳದ ಕಣ್ಣಿನ ಹತ್ತಿರ ಜಾಗ ಬಿಡಬೇಕು. ಕೊನೆಯ ಗಂಟು ಅಲ್ಲೇ ಕೂರಬೇಕು. ನಾನು ಬಾಲ, ಹೊಟ್ಟೆ, ರೆಕ್ಕೆ, ಕೊರಳ ಗರಿ ಎಲ್ಲವನ್ನೂ ಮುಂದಕ್ಕೇ ನೂಕುತ್ತಿದ್ದೆ. ಬೈಲಹೊಂಗಲದಿಂದ ಧಾರವಾಡಕ್ಕೆ ಹೊರಟ ಬಸ್ಸಿನ ಹಾಗೆ ಬಾಗಿಲಲ್ಲೇ ಎಲ್ಲರೂ ಜೋತುಬಿದ್ದು, ಹಿಂದಿನ ಅರ್ಧ ಗಾಳ ಖಾಲಿ. ಪಾಠ ಹೇಳುವ ಮುದುಕ ಪ್ರತಿ ಮಂಗಳವಾರ ಕನ್ನಡಕ ಏರಿಸಿ ನನ್ನ ನೊಣ ನೋಡುತ್ತಿದ್ದ. ಒಮ್ಮೆ ಮಾತ್ರ ಏನೋ ಹೇಳಿದ: ಮೀನುಗಳಿಗೆ ಕರುಣೆ ಇರುತ್ತದೆ, ಚಿಂತೆ ಬೇಡ.

ನಾನು ಹಠ ಹಿಡಿದದ್ದು ಆ್ಯಡಮ್ಸ್ ಎಂಬ ನೊಣಕ್ಕೆ. ನಮ್ಮ ರಾಜ್ಯದ್ದೇ ಸರಕು. 1922ರಲ್ಲಿ ಇಲ್ಲಿಯ ಮೇಫೀಲ್ಡಿನ ಲೆನ್ ಹ್ಯಾಲಡೇ ಎಂಬವನು ಕಟ್ಟಿ, ಮೊದಲು ಹಾಕಿ ನೋಡಿದ ಗೆಳೆಯನ ಹೆಸರನ್ನೇ ಇಟ್ಟ. ಬೂದು ಹೊಟ್ಟೆ, ಚುಕ್ಕಿ ಗರಿಯ ರೆಕ್ಕೆ, ಕೊರಳಿಗೆ ಕಂದು ಮತ್ತು ಚುಕ್ಕಿ ಗರಿಗಳ ಸುತ್ತು. ಆ ಬೂದು ಹೊಟ್ಟೆ ಮಸ್ಕ್‌ರ‍್ಯಾಟ್ ಎಂಬ ನೀರಿಲಿಯ ತುಪ್ಪಳದ್ದು. ಇದನ್ನು ಅವ್ವನಿಗೆ ಹೇಳಿಲ್ಲ. ಕುರಿ ಉಣ್ಣಿ ಎಂದಿದ್ದೇವೆ. ಈ ಬರಹ ಓದಿದವರು ಯಾರೂ ಬೈಲಹೊಂಗಲಕ್ಕೆ ಫೋನ್ ಮಾಡಬಾರದು.

ರವಿವಾರ ಒಂಬತ್ತನೇ ಯತ್ನ. ಒಂದು ತಾಸು ನಲವತ್ತು ನಿಮಿಷ. ಎದ್ದು ನೋಡಿದರೆ, ಯಪ್ಪಾ, ನೊಣ! ಎರಡು ರೆಕ್ಕೆ ನೆಟ್ಟಗೆ ನಿಂತಿವೆ, ಬಾಲ ಬಾಲದ ಜಾಗದಲ್ಲಿದೆ, ಗಾಳದ ಕಣ್ಣು ತೆರೆದಿದೆ. ತಲೆಗೆ ಹಚ್ಚಿದ ಅಂಟು ಆರಲಿ ಎಂದು ಟೇಬಲ್ಲಿನ ಮೇಲಿಟ್ಟೆ. ಎಲ್ಲರಿಗೂ ಕಾಣಲಿ ಎಂಬ ಹಮ್ಮಿಗೆ ರೊಟ್ಟಿ ಬುಟ್ಟಿಯ ಅಂಚಿಗೇ ಇಟ್ಟೆ. ಇಲ್ಲೇ ನಾನು ಕೆಟ್ಟದ್ದು.

ಇಲ್ಲಿ ಒಂದು ಹಿನ್ನೆಲೆ ಹೇಳಬೇಕು. ನವೆಂಬರಿನಲ್ಲಿ ಬಂದಾಗಿನಿಂದ ಅವ್ವನಿಗೆ ಈ ದೇಶದ ಮೇಲೆ ಒಂದು ದೂರು. ಚಳಿಯದಲ್ಲ, ಒಂಟಿತನದ್ದೂ ಅಲ್ಲ. "ಇದೆಂಥಾ ಊರೋ, ಒಂದು ನೊಣಾ ಇಲ್ಲ. ಉಣ್ಣಾಕ ಕುಂತ್ರ ಎಡಗೈಗೆ ಉದ್ಯೋಗಿಲ್ಲ." ಎಪ್ಪತ್ತಾರು ವರ್ಷ ಬಲಗೈ ಉಂಡಿದೆ, ಎಡಗೈ ತಾಟಿನ ಮೇಲೆ ಗಾಳಿ ಬೀಸಿದೆ. ಇಲ್ಲಿ ಆ ಎಡಗೈ ತೊಡೆಯ ಮೇಲೆ ಪಿಂಚಣಿ ತಗೊಂಡು ಕೂತಿತ್ತು. ಎರಡೂವರೆ ತಿಂಗಳ ಮೇಲೆ, ಜೋಳದ ರೊಟ್ಟಿಯ ಪಕ್ಕದಲ್ಲಿ, ಅದೂ ಶೇಂಗಾ ಚಟ್ನಿಯ ಕಡೆ ಮುಖ ಮಾಡಿ, ನೊಣ ಕೂತಿದೆ.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ, ಎಲ್ಲ ಕಂಡಿತು. ಅವ್ವ ನಿಂತಳು. ಮುಖದ ಮೇಲೆ ಬಂದದ್ದು ಸಿಟ್ಟಲ್ಲ. ಸವದತ್ತಿ ಜಾತ್ರೆಯಲ್ಲಿ ಕಳೆದ ತಂಗಿ ಸಿಕ್ಕಂಥ ಬೆಳಕು. ಕಣ್ಣು ನೊಣದ ಮೇಲೆ, ಕೈ ಹಿಂದಕ್ಕೆ. ಮೊಣಕಾಲು ನೋವಿಗೆ ಎರಡು ಮೆಟ್ಟಿಲು ಹತ್ತಲು ಮೂರು ಸಲ "ಶಿವಾ" ಅನ್ನುವವಳು ಬೆಕ್ಕಿನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು. ಗೋಡೆಯ ಮೊಳೆಯಿಂದ ಪಂಚಾಂಗ ಬಿಚ್ಚಿತು. ಸುರುಳಿಯಾಯಿತು. ಸೆರಗು ಸೊಂಟಕ್ಕೆ ಹೋಯಿತು. "ಅವ್ವಾ, ಬ್ಯಾ..." ಎನ್ನುವಷ್ಟರಲ್ಲಿ ಫಟ್! ಚಟ್ನಿ ಬಟ್ಟಲು ಎಗರಿ ಬಿತ್ತು, ರೊಟ್ಟಿ ಮೂರು ಹೋಳಾಯಿತು.

"ಸತ್ತ್ಯಾ ಭಾಡ್ಯಾ!" ಎಂದಳು ಅವ್ವ, ಆನಂದಬಾಷ್ಪ ಒಂದು ಕಡಿಮೆ.

ಎತ್ತಿದರೆ ನೊಣ ಪಂಚಾಂಗಕ್ಕೆ ಅಂಟಿಕೊಂಡೇ ಬಂತು. ಗಾಳ ಬನದ ಹುಣ್ಣಿಮೆಯನ್ನು ತೂತು ಮಾಡಿ ಭಾರತ ಹುಣ್ಣಿಮೆಗೆ ಚುಚ್ಚಿಕೊಂಡಿತ್ತು. ಅವ್ವ ಜಾಡಿಸಿದಳು, ಬೀಳಲಿಲ್ಲ. ಮತ್ತೆ ಜಾಡಿಸಿದಳು. "ಇದೇನೋ, ಈ ದೇಶದ ನೊಣಕ್ಕ ಕೊಂಡಿ ಐತಿ!"

ಅಷ್ಟರಲ್ಲಿ ಮಗ ಓಡಿಬಂದ. ಅಜ್ಜಿ ಅವನಿಗೆ ಆಯಿ. ಕಂಡವನೇ ನೆಲಕ್ಕೆ ಬಿದ್ದು ಉರುಳಾಡಿ ನಕ್ಕ. "ಅಪ್ಪಾ, ಆಯಿ ಟುಕ್ ದ ಫ್ಲೈ!"

ಮೀನು ಮೋಸ ಹೋಗಿ ನೊಣಕ್ಕೆ ಬಾಯಿ ಹಾಕಿದರೆ ಇಲ್ಲಿಯವರು ಹಾಗೆ ಹೇಳುತ್ತಾರೆ. ಅಂದರೆ ಲೆಕ್ಕ ಹೀಗಾಯಿತು: ನನ್ನ ನೊಣಕ್ಕೆ ಬಿದ್ದ ಮೊದಲ ಮೀನು 76 ವರ್ಷದ್ದು, ಇಳಕಲ್ ಸೀರೆ ಉಟ್ಟದ್ದು. ಊಟ ಮುಗಿಯುವತನಕ ಇದೇ ವಾದ. ಇದು ಬ್ಯಾಡ್ಜಿಗೆ ಲೆಕ್ಕವೋ ಅಲ್ಲವೋ? ತೂಕ ಎಷ್ಟೆಂದು ಬರೆಯಬೇಕು? ಹಿಡಿದದ್ದನ್ನು ಬಿಡಬೇಕೆಂಬ ನಿಯಮವಿದೆಯಲ್ಲ, ಆಯಿಯನ್ನು ಎಲ್ಲಿ ಬಿಡುವುದು? ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡವನಿಗೆ ಅಲ್ಲೊಂದು ಕ್ಷಣ ನಗು ನಿಂತಿತು. ವೀಸಾದ ಮೇಲೆ ಒಮ್ಮೆಗೆ ಇರಬಹುದಾದದ್ದು ಆರು ತಿಂಗಳು. ನವೆಂಬರಿಗೆ ಹಿಡಿದು ತರುತ್ತೇವೆ, ಮೇ ತಿಂಗಳಿಗೆ ಬಿಡುತ್ತೇವೆ.

ಅವ್ವ ಮಾತ್ರ ಸೋಲೊಪ್ಪಲಿಲ್ಲ. "ನನಗ ಗೊತ್ತಿತ್ತು. ಖೊಟ್ಟಿ ಐತೋ ಖರೇ ಐತೋ ನೋಡೂಣು ಅಂತ ಹೊಡದೆ."

ಸೋಮವಾರ ಬೆಳಿಗ್ಗೆ ಪ್ರಕರಣ ವಿಡಿಯೋ ಕಾಲಿನಲ್ಲಿ ಕಿತ್ತೂರಿಗೆ ಹೋಯಿತು. ಅಲ್ಲಿರುವುದು ಸೋದರಮಾವ, ನಿವೃತ್ತ ಸಾಲಿ ಮಾಸ್ತರು. ಅವರ ಯಾವ ಮಾತೇ ಆಗಲಿ ಹೊರಡುವುದು ಕಿತ್ತೂರು ಇಂಗ್ಲಿಷರ ಮೇಲೆ ಕಾದಿದ 1824ರಿಂದ. "ಲೇ ಅಳಿಯಾ, ಕೆಲಸಿಲ್ಲದಾಂವ ನೊಣಾ ಹೊಡೀತಾನ ಅನ್ನೂದು ಕೇಳಿದ್ದೆ. ಕಟ್ಟೂದು ಇವತ್ತ ಕೇಳಿದೆ," ಎಂದರು. ಅವರನ್ನು ಒಲಿಸಲು ಕಾಡುಕೋಳಿಯ ಕಥೆ ತೆಗೆದೆ. ಇಂಗ್ಲಿಷರ ಸಾಲ್ಮನ್ ನೊಣಗಳಿಗೆ ಭಾರತದ ಕಾಡುಹುಂಜದ ಕೊರಳ ಗರಿಯೇ ಬೇಕಿತ್ತು, ಅರಗಿನ ಹನಿಯಂಥ ಚುಕ್ಕಿಯದು. ನಿಮ್ಮ ಪಕ್ಕದ ಖಾನಾಪುರದ ಅಡವಿಯಲ್ಲಿ ಕೂಗುವುದೂ ಅದೇ ಜಾತಿಯದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದಕ್ಕೆ ರಕ್ಷಣೆ ಎಂದೆ. ಮಾವನ ಮೀಸೆ ನಿಮಿರಿತು. "ನೋಡಿದೇನು! ಮೊದಲ ಕಪ್ಪಾ ಕೇಳಿದ್ರು, ಆಮ್ಯಾಲ ಕೋಳೀ ಗರೀನೂ ಒಯ್ದರು. ಥ್ಯಾಕರೇಗ ಗುಂಡು ಬಿದ್ದದ್ದು ಸುಮ್ಮನ ಅಲ್ಲ!" ಅಕ್ಟೋಬರಿನ ಕಿತ್ತೂರು ಉತ್ಸವದ ಭಾಷಣಕ್ಕೆ ಈ ಸಲ ಕೋಳಿ ಸೇರುತ್ತದೆ, ಬರೆದಿಟ್ಟುಕೊಳ್ಳಿ.

ಬ್ಯಾಡ್ಜಿನ ಎರಡನೇ ನೊಣಕ್ಕೆ ನವಿಲುಗರಿಯ ಎಳೆ ಬೇಕಿತ್ತು. ಮಗ ಅದನ್ನು ಹೂದಾನಿಯ ಗರಿಯಿಂದ ಕಿತ್ತ. ಹೆಂಡತಿ ಸವದತ್ತಿಯವಳು, ಮಲಪ್ರಭೆ ಗುಡ್ಡ ಸೀಳಿಕೊಂಡು ಹರಿಯುವ ಜಾಗಕ್ಕೆ ನವಿಲುತೀರ್ಥವೆಂದೇ ಹೆಸರಿರುವ ಕಡೆಯವಳು. ಬೋಳಾದ ಗರಿಯ ಕಡ್ಡಿ ಹಿಡಿದು ಅವಳು ಆಡಿದ್ದನ್ನು ಅಚ್ಚು ಹಾಕಲು ಬರುವುದಿಲ್ಲ.

ಮಂಗಳವಾರ ಪಾಠಕ್ಕೆ ರಜೆ. ಅಡುಗೆಮನೆಯ ಟೇಬಲ್ಲಿಗೇ ವೈಸ್ ಬಿಗಿದು ಹತ್ತನೇ ನೊಣಕ್ಕೆ ಕೂತೆ. ದಾರ ಹರಿಯಿತು. ಮತ್ತೆ ಸುತ್ತಿದೆ, ಮತ್ತೆ ಹರಿಯಿತು. ಅವ್ವ ಎದುರು ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಮೂರನೇ ಸಲ ಹರಿದಾಗ ಬತ್ತಿ ಪಕ್ಕಕ್ಕಿಟ್ಟಳು.

"ಸರಿ ಅತ್ಲಾಗ. ಎಳಿ ಮ್ಯಾಲ ಎಳಿ ಕುಂದರಸ್ತಿ, ಹರೀದ ಏನ ಮಾಡತೈತಿ? ಮಗ್ಗಲಿಗೆ ಮಗ್ಗಲ ಕುಂದರಬೇಕು."

ಅವ್ವನ ತವರು ರಾಮದುರ್ಗ. ಮನೆಯಲ್ಲಿ ಕೈಮಗ್ಗ. ಲಾಳಿಯ ಒಳಗಿನ ಕಂಡಿಕಿ ಸುತ್ತುವುದು ಮನೆಯ ಹುಡುಗಿಯರ ಪಾಲಿನ ಕೆಲಸ. ಇದು ನನಗೆ ಗೊತ್ತಿತ್ತು, ಗೊತ್ತಿದ್ದರೂ ನೋಡಿರಲಿಲ್ಲ. ಪೊರೆ ತೆಗೆಸಿದ ಕಣ್ಣು ಗಾಳವನ್ನು ನೋಡುತ್ತಲೇ ಇರಲಿಲ್ಲ, ಬೆರಳೇ ನೋಡುತ್ತಿತ್ತು. ಎಡಗೈ ದಾರದ ಬಿಗಿ ಹಿಡಿಯಿತು. ಹೌದು, ಅದೇ ಕೆಲಸವಿಲ್ಲದ ಎಡಗೈ. ಬಲಗೈ ಸುತ್ತಿತು. ಹರಿದ ತುದಿಗಳನ್ನು ನಾಲಿಗೆಗೆ ತಾಗಿಸಿ ಹಾಕಿದ ಗಂಟು ಎಲ್ಲಿದೆ ಎಂದು ಭೂತಗನ್ನಡಿಯಲ್ಲೂ ಕಾಣಲಿಲ್ಲ. "ಕುರಿ ಉಣ್ಣಿ" ಕೈಗೆ ಕೊಟ್ಟೆ. ಹೂಬತ್ತಿಯ ಹಾಗೆ ದಾರಕ್ಕೆ ಹೊಸೆದಳು.

"ನಾಕನೇತ್ತಾಕ್ಕ ಸಾಲಿ ಬಿಡಸಿದ್ರು. ಕಂಡಿಕಿ ಬಿಡಸಲಿಲ್ಲ," ಎಂದಳು, ಯಾರಿಗೋ ಹೇಳಿದಂತೆ.

ಹನ್ನೆರಡು ನಿಮಿಷ. ಗಾಳದ ಕಣ್ಣಿನ ಬಳಿ ಬೇಕಾದಷ್ಟು ಜಾಗ ಉಳಿದಿತ್ತು.

ಈಗ ಮನೆಯಲ್ಲಿ ಏಳು ನೊಣಗಳಿವೆ, ಏಳೂ ಅವ್ವನವು. ಮೀನಿಗೆ ಮಾತ್ರ ಕೊಡುವುದಿಲ್ಲವಂತೆ. ಬೇಕಾದರೆ ಚೂಪು ಮುರಿದುಕೊಂಡು ಒಯ್ಯಿ ಎನ್ನುತ್ತಾಳೆ. ಮಗನ ಬ್ಯಾಡ್ಜು ತೂಗುಯ್ಯಾಲೆಯಲ್ಲಿದೆ. ನನ್ನ ಒಂಬತ್ತನೇ ನೊಣ ಪಂಚಾಂಗದಲ್ಲೇ ಇದೆ. ಅದನ್ನು ಕಿತ್ತರೆ ಹುಣ್ಣಿಮೆ ಹರಿಯುತ್ತದೆ ಎಂದು ಅವ್ವ ಮುಟ್ಟಗೊಡುವುದಿಲ್ಲ.

ನಿನ್ನೆ ರಾತ್ರಿ ರಾಮದುರ್ಗಕ್ಕೆ ಫೋನ್ ಹಚ್ಚಿ ಚಿಗವ್ವನಿಗೆ ಏಳೂ ನೊಣಗಳನ್ನು ಕ್ಯಾಮರಾದ ಮುಂದೆ ಒಂದೊಂದಾಗಿ ಹಿಡಿದು ತೋರಿಸುತ್ತಿದ್ದಳು. ಚಿಗವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು:

"ಅಕ್ಕಾ, ಅಲ್ಲಿ ನೊಣಾನೂ ಕೈಲೇನ ಮಾಡಕೋಬೇಕೇನ? ಪಾಪ. ನಿಮ್ಮ ಮನಿಯವರು ಯಾರರೆ ಈ ಕಡೆ ಬಂದ್ರ ಹೇಳು, ಒಂದು ಡಬ್ಬಿ ಕಟ್ಟಿಕೊಡತೀನಿ."