ಗುರುವಾರದ ತನಕ ಊರೆಲ್ಲ ಕಾರ್ಡಿಯಾಲಜಿಸ್ಟರು

ಹುಬ್ಬಳ್ಳಿಯಲ್ಲಿ ಹೃದಯತಜ್ಞರ ಕೊರತೆ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಕೋ ರಿಪೋರ್ಟ್ ಕೈಯಲ್ಲಿ ಹಿಡಿದು ದುರ್ಗದಬೈಲಿನಲ್ಲಿ ಒಂದು ಗಿರ್ಮಿಟ್ ತಿನ್ನುವಷ್ಟು ಹೊತ್ತು ನಿಂತು ನೋಡಿ. ಪ್ಲೇಟು ಖಾಲಿಯಾಗುವುದರೊಳಗೆ ಮೂರು ಅಭಿಪ್ರಾಯ, ಎರಡು ಕಷಾಯ, ಜೊತೆಗೆ “ನಮ್ಮ ಬೀಗರಿಗೂ ಹಿಂಗ ಆಗಿತ್ರಿ, ಮುಂಜಾನೆ ಚಹಾ ಕುಡದು ಪೇಪರ್ ಹಿಡಿದಿದ್ರು...” ಎಂದು ಶುರುವಾಗಿ ಸ್ಮಶಾನದಲ್ಲಿ ಮುಗಿಯುವ ಕಥೆಯೊಂದು ಪುಕ್ಕಟೆ ಸಿಗುತ್ತದೆ. ಕೊರತೆ ಏನಿದ್ದರೂ ಅಪಾಯಿಂಟ್‌ಮೆಂಟಿನದು. ರಿಪೋರ್ಟ್ ಸೋಮವಾರ ರಾತ್ರಿ ವಾಟ್ಸಾಪಿಗೆ ಬಂದು ಬೀಳುತ್ತದೆ. ಅದನ್ನು ಓದಲು ಬರುವ ಡಾಕ್ಟರು ಸಿಗುವುದು ಗುರುವಾರ.

ಎಂಥ ಅಚ್ಚುಕಟ್ಟಾದ ವ್ಯವಸ್ಥೆ ನೋಡಿ. ಹೆದರಿಕೆ ಒಂದು ಅಂಗಡಿಯಲ್ಲಿ, ಸಮಾಧಾನ ಇನ್ನೊಂದರಲ್ಲಿ, ಎರಡಕ್ಕೂ ಬಿಲ್ ಬೇರೆ ಬೇರೆ. ನಡುವಿನ ಮೂರು ರಾತ್ರಿ ಮಾತ್ರ ಗಿರಾಕಿಯ ಸ್ವಂತ ಖರ್ಚು.

ನಮ್ಮ ಬಟ್ಟೆ ಅಂಗಡಿ ಕಾಕಾನ ಸಂಗತಿಯನ್ನೇ ತೊಗೊಳ್ಳಿ. ಇಂಥ ಕಾಕಾ ಪ್ರತಿ ಓಣಿಯಲ್ಲೂ ಒಬ್ಬರಿರುತ್ತಾರೆ, ಹೆಸರು ಬೇಕಿಲ್ಲ. ‘ಹಾರ್ಟ್ ಪ್ಯಾಕೇಜ್, ಜೋಡಿಗೆ ರಿಯಾಯಿತಿ’ ಎಂಬ ಬೋರ್ಡ್ ಕಂಡಿತು. ಇಡೀ ಆಯುಷ್ಯ ಗಿರಾಕಿಗೆ ರಿಯಾಯಿತಿ ಕೊಟ್ಟ ಜೀವ, ತನಗೂ ಒಮ್ಮೆ ಸಿಗಲಿ ಎಂದು ಹೆಂಡತಿ ಕಾಕುವನ್ನೂ ಕರೆದುಕೊಂಡು ಹೋಯಿತು.

ಮೊದಲು ಇಸಿಜಿ. ಕಾಗದದ ತಲೆಯ ಮೇಲೆ ಯಂತ್ರವೇ ‘ಅಬ್ನಾರ್ಮಲ್’ ಎಂದು ಬರೆದು, ಪಕ್ಕದಲ್ಲಿ ಸಣ್ಣಗೆ ‘ವೈದ್ಯರು ಖಚಿತಪಡಿಸಿಲ್ಲ’ ಎಂದೂ ಸೇರಿಸಿತ್ತು. ದಪ್ಪ ಅಕ್ಷರ ಕಾಣುವ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಇಸಿಜಿಗಾಗಿ 1924ರಲ್ಲಿ ನೊಬೆಲ್ ಪಡೆದ ಐಂಥೋವನ್ನನ ಮೊದಮೊದಲ ಯಂತ್ರವನ್ನು ನಡೆಸಲು ಐದು ಜನ ಬೇಕಿತ್ತಂತೆ. ಈಗ ನಡೆಸಲು ಒಬ್ಬ ಹುಡುಗ ಸಾಕು, ಆ ಐದೂ ಜನ ಕಟ್ಟೆಯ ಮೇಲೆ ಕೂತು ಓದುವ ಕೆಲಸಕ್ಕೆ ಹತ್ತಿದ್ದಾರೆ.

ಆಮೇಲೆ ಎಕೋ. ಕಾಕಾನ ಹಾಳೆಯಲ್ಲಿ ‘ಇ.ಎಫ್. 60%’. ಕಾಕು ನೆಲಕ್ಕೆ ಕುಸಿದರು. “ಬರೇ ಅರವತ್ತೇನ್ರಿ? ಉಳದ ನಲವತ್ತು ಎಲ್ಲಿ ಹೋತು?” ಟ್ಯೂಷನ್ ನಡೆಸುವ ಅಳಿಯ ಸಮಾಧಾನ ಹೇಳಿದ: “ಫಸ್ಟ್ ಕ್ಲಾಸ್ ಐತ್ರಿ ಅತ್ತಿ, ಡಿಸ್ಟಿಂಕ್ಷನ್ ತಪ್ಪೇತಿ ಅಷ್ಟ.” ಹೃದಯದ ಎಡಗೋಣೆ ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಎಂಬುದು ಆ ಅಂಕಿ. 55ರಿಂದ 70ರ ಒಳಗಿದ್ದರೆ ಸರಿಯಾಗಿಯೇ ಇದೆ ಎಂದರ್ಥ. ನೂರಕ್ಕೆ ನೂರು ತೆಗೆದ ಹೃದಯ ಒಲಿಂಪಿಕ್ಸ್ ಓಟಗಾರನ ಎದೆಯಲ್ಲೂ ಇಲ್ಲ. ಆದರೆ ಮೊಮ್ಮಗನಿಗೆ 94 ಬಂದರೆ “ಆ ಆರು ಎಲ್ಲಿ ಬಿಟ್ಟಿ?” ಎಂದು ಕೇಳುವ ಮನೆಯಲ್ಲಿ ಇದನ್ನು ಯಾರು ಒಪ್ಪುತ್ತಾರೆ?

ಅದೇ ಹಾಳೆಯ ಕೆಳಗೆ ‘ಟ್ರಿವಿಯಲ್ ಎಂ.ಆರ್.’ ಕವಾಟದಲ್ಲಿ ಚೂರೇ ಚೂರು ಹಿಮ್ಮುಖ ಹರಿವು. ಗಟ್ಟಿಮುಟ್ಟಾದ ಎಷ್ಟೋ ಜನರಲ್ಲಿ ಕಾಣುವಂಥದ್ದು. ಕಾಕಾ ಮನೆಗೆ ಫೋನ್ ಮಾಡಿ “ಸ್ವಲ್ಪ ಲೀಕ್ ಐತಂತ” ಎಂದದ್ದಷ್ಟೇ. ಸುದ್ದಿ ವಿದ್ಯಾನಗರ ದಾಟುವಾಗ ಲೀಕ್ ದೊಡ್ಡದಾಗಿತ್ತು, ಉಣಕಲ್ಲಿನಲ್ಲಿ ವಾಲ್ವ್ ಹರಿದಿತ್ತು, ನವನಗರದಲ್ಲಿ ಆಪರೇಷನ್ ನಿಕ್ಕಿಯಾಗಿತ್ತು. ಧಾರವಾಡ ಮುಟ್ಟುವಷ್ಟರಲ್ಲಿ ಕಾಕಾನ ಹಿರಿಯ ಅಕ್ಕ ಅಳುತ್ತ ಚಿಗರಿ ಬಸ್ಸು ಹತ್ತಿದ್ದರು, ಕೈಯಲ್ಲಿ ಪೇಡೆ. ಸಾವಿಗೂ ಬಾಣಂತನಕ್ಕೂ ಧಾರವಾಡದವರು ಬರಿಗೈಲಿ ಬರುವುದಿಲ್ಲ.

ಟಿಎಂಟಿಯಲ್ಲಿ ಕಾಕಾ ಫೇಲಾದರು, ಕಾಕು ಪಾಸಾದರು. ಈ ಓಟದ ಪರೀಕ್ಷೆಯ ಮೇಲಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ 1989ರಲ್ಲಿ ಒಂದು ಲೆಕ್ಕ ಪ್ರಕಟವಾಗಿತ್ತು. ರಕ್ತನಾಳ ಚೆನ್ನಾಗಿರುವ 100 ಜನರಲ್ಲಿ ಸುಮಾರು 23 ಮಂದಿಗೆ ಯಂತ್ರ ಸುಳ್ಳೇ ಗಾಬರಿ ಹುಟ್ಟಿಸುತ್ತದೆ, ನಿಜಕ್ಕೂ ತೊಂದರೆ ಇರುವ 100ರಲ್ಲಿ 32 ಮಂದಿಯನ್ನು ಸುಮ್ಮನೆ ಪಾಸು ಮಾಡಿ ಕಳಿಸುತ್ತದೆ. ಅಂದರೆ ಫೇಲಾದವರು ಅಳಬೇಕಿಲ್ಲ, ಪಾಸಾದವರು ಕುಣಿಯಬೇಕಿಲ್ಲ. ವಯಸ್ಸು, ಸಕ್ಕರೆ, ಚಟ, ನೋವು ಎಲ್ಲ ಕೇಳಿಕೊಂಡು ತೂಗಿ ನೋಡಬೇಕು. ಆ ತೂಗುವವರೇ ಗುರುವಾರ ಸಿಗುವುದು.

ಅಲ್ಲಿಯ ತನಕ ಮನೆಗೊಂದು ಬಿ.ಪಿ. ಯಂತ್ರ ಬಂತು. ಒಮ್ಮೆ ನೋಡಿದರು, ಏರಿತ್ತು. ಏರಿದ್ದನ್ನು ನೋಡಿದ್ದಕ್ಕೆ ಇನ್ನಷ್ಟು ಏರಿತು. ಮಗನ ಕೈಗಡಿಯಾರ ಕಟ್ಟಿಕೊಂಡು ರಾತ್ರಿಯಿಡೀ ನಾಡಿ ಎಣಿಸಿ, ಮುಂಜಾನೆ “ನಿದ್ದಿ ಇಲ್ಲಂದ್ರ ಹಾರ್ಟಿಗೆ ಕೆಟ್ಟಂತ” ಎಂಬ ಫಾರ್ವರ್ಡ್ ಓದಿದರು. ಹೊಳೆಮತ್ತಿಯ ಚೆಕ್ಕೆ, ಹಸಿ ಬಳ್ಳೊಳ್ಳಿ, ಹೃದಯಾಘಾತವಾದರೆ ಜೋರಾಗಿ ಕೆಮ್ಮಬೇಕೆಂಬ ಆ ಸುಳ್ಳು ವಿಡಿಯೋ, ಎಲ್ಲ ಬಂದವು. ಉಣಕಲ್ ಕೆರೆಯ ದಂಡೆಗೆ ವಾಕಿಂಗ್ ಹೊರಟವರು ಎದುರಿಗೆ ಸಿಕ್ಕವರಿಗೆಲ್ಲ ರಿಪೋರ್ಟ್ ತೋರಿಸುತ್ತ ನಿಂತದ್ದರಿಂದ ವಾಕಿಂಗ್ ಮಾತ್ರ ಆಗಲಿಲ್ಲ.

ಗಾಬರಿಗೂ ನಮ್ಮಲ್ಲಿ ಸೀಸನ್ನು ಇರುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಆಸ್ಪತ್ರೆಗಳು ತುಂಬಿದವು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ್ದೆನ್ನಲಾದ ಸಾವುಗಳನ್ನು ಟಿವಿಯವರು ಸ್ಕೋರಿನಂತೆ ದಿನಾ ಪರದೆಯ ಮೇಲೆ ಏರಿಸತೊಡಗಿದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿನಲ್ಲೇ ಪಾಳಿ. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಆ ಸಾವುಗಳಲ್ಲಿ 24ನ್ನು ಬಿಡಿಸಿ ನೋಡಿತು. ನಾಲ್ಕು ಹೃದಯದ್ದೇ ಅಲ್ಲ. ಒಬ್ಬರದು ಕಿಡ್ನಿ, ಒಬ್ಬರದು ರಸ್ತೆ ಅಪಘಾತ, ಒಬ್ಬರದು ವಾಂತಿಭೇದಿಯ ಕಾಯಿಲೆ, ಒಬ್ಬರಿಗೆ ಕರೆಂಟ್ ಹೊಡೆದಿರುವ ಸಾಧ್ಯತೆ. ಉಳಿದವರಲ್ಲಿ ಹಲವರ ಹಿಂದೆ ಅದೇ ಹಳೆಯ ಪಟ್ಟಿ: ಸಿಗರೇಟು, ಕುಡಿತ, ಸಕ್ಕರೆ, ಬಿ.ಪಿ. ಇದನ್ನು ಕೆಂಪು ಅಕ್ಷರದಲ್ಲಿ ಓಡಿಸಿದ ಚಾನೆಲ್ ನನ್ನ ಕಣ್ಣಿಗಂತೂ ಬೀಳಲಿಲ್ಲ. ಹಳೆಯ ಪಟ್ಟಿಗೆ ಟಿಆರ್‌ಪಿ ಎಲ್ಲಿಂದ ಬರಬೇಕು?

ಇನ್ನೊಂದು ಸಂಗತಿ. ಇದೇ ಕಾಕಾ ಹೋದ ದೀಪಾವಳಿಯಲ್ಲಿ ಬಟ್ಟೆ ಗಂಟು ಎತ್ತಿ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು, ಮೈಯೆಲ್ಲ ಬೆವೆತು, ಎಡಗೈ ಜಡವಾಗಿ ಕುಳಿತುಬಿಟ್ಟಿದ್ದರು. ಆಗ ಇಡೀ ಓಣಿ ಎಷ್ಟು ಶಾಂತವಾಗಿತ್ತು! “ಗ್ಯಾಸ್ ಐತ್ರಿ. ಮಿರ್ಚಿ ಭಜಿ ತಿಂದಿದ್ರಲ್ಲ.” ಸೋಡಾ ತರಿಸಿದರು, ಅಜವಾನ ಜಗಿಸಿದರು, ಬೆನ್ನು ತಿಕ್ಕಿದರು. ಕಿಮ್ಸ್ ಆಸ್ಪತ್ರೆಯ ಕ್ಯಾಜುವಾಲ್ಟಿ ವಿದ್ಯಾನಗರದಲ್ಲೇ ಇದೆ, ಗುರುವಾರ ಬಾ ಅನ್ನುವುದಿಲ್ಲ, ಅಪಾಯಿಂಟ್‌ಮೆಂಟ್ ಕೇಳುವುದಿಲ್ಲ. ಯಾರಿಗೂ ನೆನಪಾಗಲಿಲ್ಲ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರ ತಾಲೂಕು ಆಸ್ಪತ್ರೆಗಳಲ್ಲಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತದೆ. ಆದರೆ ಅದು ಹೊತ್ತಿಗೆ ಸರಿಯಾಗಿ ಬಂದ ಹೃದಯಾಘಾತಕ್ಕೆ. ಸೋಡಾ ಕುಡಿಯುತ್ತ ಕೂತ ಗ್ಯಾಸಿಗೆ ಅಲ್ಲ. ನೋವು ಬಂದರೆ ಸೋಡಾ, ಕಾಗದ ಬಂದರೆ ಗಾಬರಿ!

ಅಂತೂ ಗುರುವಾರ ಬಂತು. ಮುನ್ನೂರು ರೂಪಾಯಿಯ ಹೊಸ ಫೈಲಿನಲ್ಲಿ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಕಾಕಾ ಒಳಗೆ ಹೋದರು. ಡಾಕ್ಟರು ಹಾಳೆಗಳನ್ನು ತಿರುವಿ ನೋಡಿ, ಬದಿಗಿಟ್ಟು ಕೇಳಿದರು:

“ಯಾವಾಗರೆ ಎದಿ ನೋವು ಬಂದಿತ್ತೇನ್ರಿ?”

“ಇಲ್ರಿ. ದೀವಳಿಗಿಗೆ ಒಮ್ಮೆ ಬಂದಿತ್ತು, ಅದು ಗ್ಯಾಸ್ರಿ.”

ಡಾಕ್ಟರು ತಲೆಯೆತ್ತಿದರು. “ಮೆಟ್ಲ ಹತ್ತೂಮುಂದ ಬಂದಿತ್ತೇನು? ಬೆವರು? ಎಷ್ಟೊತ್ತು ಇತ್ತು?” ಅರ್ಧ ತಾಸಿನಷ್ಟು ಪ್ರಶ್ನೆ. ಕೊನೆಗೆ, “ಗುಟ್ಕಾ, ಸಿಗರೇಟು?”

“ಸಿಗರೇಟ್ ದಿನಕ್ಕ ಒಂದು ಪಾಕೀಟ್ರಿ. ಅದು ರಿಪೋರ್ಟ್‌ನ್ಯಾಗ ಬಂದಿಲ್ಲಲ್ರಿ, ಸಾಹೇಬ್ರ?”

ಆಂಜಿಯೋಗ್ರಾಮ್ ಮಾಡಿಸಿ, ಸಿಗರೇಟನ್ನು ಇವತ್ತೇ ಬಿಡಿ ಎಂದು ಚೀಟಿ ಬರೆದುಕೊಟ್ಟರು. ಹೊರಗೆ ಬಂದ ಕಾಕಾನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. “ಏನ್ ಡಾಕ್ಟರ್‍ರಿ ಇಂವಾ? ಅಷ್ಟು ರೊಕ್ಕಾ ಕೊಟ್ಟು ಮಾಡಿಸಿದ ರಿಪೋರ್ಟ್ ನೆಟ್ಟಗ ಓದಲಿಲ್ಲ, ಬರೇ ಮಾತಾಡಿಸಿ ಕಳಿಸಿದ. ಬೆಳಗಾವಿಗೆ ಹೋಗಿ ಬ್ಯಾರೆ ಅವರಿಗೆ ತೋರಿಸೂಣು.” ಕಿಸೆಯಿಂದ ಪಾಕೀಟು ತೆಗೆದು, ಅಳಿಯನ ಹತ್ತಿರ ಬೆಂಕಿಪೊಟ್ಟಣ ಕೇಳಿದರು.