ಹಬ್ಬದ ಮುಂಚಿನ ಸೂಪು

ದೀಪಾವಳಿ ಒಂದು ದಿನಕ್ಕೆ ಮುಗಿಯುವ ಹಬ್ಬವೇ? ನೀರು ತುಂಬುವ ಹಬ್ಬದಿಂದ ಬಲಿಪಾಡ್ಯಮಿಯವರೆಗೆ ಹೊಟ್ಟೆಯ ಮೇಲೆ ಕಜ್ಜಾಯ, ಹೋಳಿಗೆ, ಚಕ್ಕುಲಿಗಳ ದಂಡಯಾತ್ರೆ. ಅದಕ್ಕೇ ಹಿಂದಿನ ಸಂಜೆ ತರಕಾರಿ ಸೂಪು ನನ್ನದು ಎಂದು ಘೋಷಿಸಿದೆ.

“ಮಾಡಿ, ಫ್ರಿಜ್ಜಾದರೂ ಖಾಲಿಯಾಗುತ್ತೆ” ಎಂದಳು ಮನೆಯಾಕೆ.

ಸಿಕ್ಕಿದ್ದು ಅರ್ಧ ಎಲೆಕೋಸು, 3 ಕ್ಯಾರೆಟ್, ಸುಕ್ಕುಗಟ್ಟಿದ ಸೋರೆಕಾಯಿ ತುಂಡು, ಮುದಿ ಹುರುಳಿಕಾಯಿ. ನಾರು ತೆಗೆಯುವಷ್ಟರಲ್ಲಿ ಹುರುಳಿಕಾಯಿ ಅರ್ಧವಾಯಿತು, ನಾನೂ ಅರ್ಧವಾದೆ. ಕುಕ್ಕರ್ 2 ಸಲ ಕೂಗಿತು. ಬೆಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು ಸುರಿದೆ. ಮೇಲೆ ಆಗತಾನೇ ಕುಟ್ಟಿದ ಕಾಳುಮೆಣಸು. ಮನೆಯೆಲ್ಲ ಘಮ್ಮೆಂದಿತು. ಕಾರ್ನ್‌ಫ್ಲೋರ್ ಮುಟ್ಟಲಿಲ್ಲ; ಅದು ಹೋಟೆಲಿನವರ ಗೋಂದು.

ಅಮ್ಮ ಒಂದು ಗುಟುಕು ಹೀರಿ, “ಸಾರು ಚೆನ್ನಾಗಿದೆ ಕಣೋ, ಬೇಳೆ ಹಾಕೋದು ಮರೆತಿದ್ದೀಯ” ಅಂದಳು.

“ಅಮ್ಮಾ, ಇದು ಸೂಪು!”

ಆಮೇಲೆ ನೆನಪಾಯಿತು: ಸಂಸ್ಕೃತದಲ್ಲಿ ‘ಸೂಪ’ ಎಂದರೆ ಬೇಳೆಯ ಸಾರೇ. ನಮ್ಮ ಮೂರನೆಯ ಮಂಗರಸ ತನ್ನ ಅಡುಗೆ ಗ್ರಂಥಕ್ಕೆ ಇಟ್ಟ ಹೆಸರೂ ‘ಸೂಪಶಾಸ್ತ್ರ’. ವಾದದಲ್ಲಿ ಅಮ್ಮನೇ ಗೆದ್ದಳು. ಗೆದ್ದವಳು ಬಿಸಿ ಅನ್ನ ತರಿಸಿ ಕಲಸಿಕೊಂಡಳು. ಎಲ್ಲರೂ ತಟ್ಟೆ ಹಿಡಿದರು.

ಎಂಟು ಗಂಟೆಗೆ ಪಾತ್ರೆ ಬರಿದು. ನಾಳೆ ನೀರು ತುಂಬಬೇಕಾದ ಹಂಡೆ ತೊಳೆಯುವ ಕೆಲಸ ಮಾತ್ರ ಹಾಗೇ ಬಾಕಿ.